ಪುಷ್ಯ ಮಾಸದ ನಿದ್ದೆ

ವರ್ಷದ ನಿದ್ದೆಯನ್ನೆಲ್ಲ ಗದಗಿನ ಜನ ಪುಷ್ಯ ಮಾಸದಲ್ಲಿ ಒಂದೇ ಸಲಕ್ಕೆ ಮಾಡಿ ಮುಗಿಸುತ್ತಿದ್ದರು. ಹೋದ ವರ್ಷ ಬಳೆ ಅಂಗಡಿಯ ಇಂದುಮತಿಗೆ ಮಾತ್ರ ಕಣ್ಣು ಹತ್ತಿರಲಿಲ್ಲ. ಗಂಡ, ಅತ್ತೆ, ಓಣಿಗೆ ಓಣಿಯೇ ಮಲಗಿರುವಾಗ ಮೂವತ್ತು ದಿನ ಅವಳೊಬ್ಬಳೇ ಮಾತಿಗೊಂದು ಜೀವವಿಲ್ಲದೆ ತಿರುಗಾಡಿದ್ದಳು. ಆಮೇಲೆ ವರ್ಷವಿಡೀ ಕೈ ನಡುಗಿ, ಗಿರಾಕಿಗಳಿಗೆ ಇಡಿಸುವಾಗಲೇ ಎಷ್ಟೋ ಬಳೆ ಒಡೆದಿದ್ದವು.

ಈ ಸಲ ಅವಳು ದಸರೆಯಿಂದಲೇ ತಯಾರಾದಳು. ಮಧ್ಯಾಹ್ನದ ಮೇಲೆ ಚಹಾ ಮುಟ್ಟಲಿಲ್ಲ. ದಿನಾ ಸಂಜೆ ಕೆರೆಯ ಸುತ್ತ ನಡೆದಳು. ಆದರೂ ಮಲಗುವ ದಿನ ಬೆಳಿಗ್ಗೆ ಹಾಸಿಗೆ ಬಿಡಿಸಿದವಳು ಮಲಗದೆ ಅದರ ಮೇಲೆ ಕೂತೇ ಇದ್ದಳು.

“ಈ ವರ್ಷನೂ ನಿದ್ದಿ ಬರಲಿಲ್ಲಂದ್ರ ಹೆಂಗ್ರಿ ಅತ್ತಿ?” ಎಂದಳು.

ಅತ್ತೆ ಗೌರವ್ವ ಆಕಳಿಸುತ್ತ ಸೊಸೆಯ ಪಾದಕ್ಕೆ ಬೆಚ್ಚಗಿನ ಎಣ್ಣೆ ತಿಕ್ಕಿದಳು. “ಬರಲಿಲ್ಲಂದ್ರ ಎಚ್ಚರಿರು. ಹೋದ ವರ್ಷ ಒಬ್ಬಾಕಿನ ಇದ್ದು ದಾಟಿಸಲಿಲ್ಲೇನು? ನೀ ಎದ್ದಿದ್ರ ನನಗೂ ಒಂದು ಧೈರ್ಯ. ಕಾಲು ಸಡಿಲ ಬಿಡು.”

ಇಂದುಮತಿಗೆ ಇದುವರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಹೌದಲ್ಲ, ನಾನೇನು ಸತ್ತೆನೇ ಎನಿಸಿತು. ಅವಳು ಮಲಗಿ ಮೊದಲು ಕಾಲ್ಬೆರಳು ಸಡಿಲ ಬಿಟ್ಟಳು, ಆಮೇಲೆ ಮೀನಖಂಡ, ಆಮೇಲೆ ಸೊಂಟ. ಭುಜಕ್ಕೆ ಬರುವಷ್ಟರಲ್ಲಿ ಯಾರೋ ಅಲುಗಾಡಿಸಿದರು.

“ಏಳವಾ,” ಎಂದಳು ಗೌರವ್ವ.

“ನೀವಿನ್ನೂ ಮಲಗಿಲ್ಲೇನ್ರಿ ಅತ್ತಿ?”

“ಮಲಗಿ ಎದ್ದಾತು. ತಿಂಗಳು ಕಳೀತು. ನಿನ್ನ ಗಂಡನ ಗಡ್ಡ ನೋಡಲ್ಲಿ.”

ಗಂಡನ ಮುಖದ ತುಂಬ ಗಡ್ಡ ಬೆಳೆದಿತ್ತು. ಇಂದುಮತಿ ನಕ್ಕಳು, ಕಣ್ಣೊರೆಸಿಕೊಂಡಳು. ಓಣಿಯ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಊರಿನ ಎಲ್ಲರಂತೆ ಅವಳ ಹೊಟ್ಟೆಯೂ ಚುರುಗುಟ್ಟುತ್ತಿತ್ತು.