ಎರಡು ಅಂಗಳ

ನೂರೈವತ್ತು ವರ್ಷಗಳ ಹಿಂದಿನ ಮಾತು, ಇಂಗ್ಲೆಂಡಿನ ಒಂದು ಸಣ್ಣ ಊರು. ಬದುಕಲು ಬೇರೆ ದಾರಿ ಉಳಿಯದ ಒಬ್ಬ ಮುದುಕ ಮತ್ತು ಅವನ ಹೆಂಡತಿ, ಗತಿಯಿಲ್ಲದವರನ್ನು ಇಟ್ಟುಕೊಳ್ಳುವ ಬಡವರಮನೆಗೆ ಸೇರಲು ನಡೆದು ಬಂದರು. ದಾರಿಯಲ್ಲಿ ಸಿಕ್ಕ ಶಾಲೆಯ ಮುಂದೆ, ಚರ್ಚಿನ ಮುಂದೆ ಮುದುಕ ಸ್ವಲ್ಪ ಹೊತ್ತು ನಿಂತ. ಹೆಂಡತಿ ಪಕ್ಕದಲ್ಲೇ ಕಾದಳು.

ಬಾಗಿಲಲ್ಲಿ ಗುಮಾಸ್ತ ಪುಸ್ತಕ ಬಿಚ್ಚಿದ.

"ಏನು ಕೆಲಸ ಮಾಡ್ತಿದ್ದೆ ಅಜ್ಜಾ?"

"ಕಟ್ಟಡದ ಕೆಲಸ."

"ಗಾರೆಯವನೋ? ಆ ಕೈ ನೋಡಿದರೆ ಒಂದು ಕಲ್ಲೂ ಎತ್ತಿದ ಹಾಗಿಲ್ಲವಲ್ಲ!" ಗುಮಾಸ್ತ ನಕ್ಕ. "ಇರಲಿ. ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ."

ಹೆಂಡತಿ ಗಂಡನ ತೋಳು ಬಿಡಲಿಲ್ಲ. "ಅರವತ್ತು ದಾಟಿದ ಗಂಡ ಹೆಂಡತಿ ಒಟ್ಟಿಗೇ ಇರಬಹುದು ಅಂತ ಕಾನೂನಿದೆಯಲ್ಲಪ್ಪಾ?"

"ಕಾನೂನು ಆಮೇಲೆ ಬಂತು ಅಜ್ಜೀ, ಕಟ್ಟಡ ಮೊದಲೇ ಆಗಿತ್ತು. ಇಬ್ಬರಿಗೆ ಅಂತ ಒಂದು ಕೋಣೆಯೂ ಇಲ್ಲ. ಆಚೆಗೊಂದು ಅಂಗಳ, ಈಚೆಗೊಂದು ಅಂಗಳ, ನಡುವೆ ಗೋಡೆ."

"ಬೆಳಿಗ್ಗೆ ಇವರ ಕೋಟಿನ ಗುಂಡಿ ನಾನೇ ಹಾಕಬೇಕು. ಕೈ ನಡುಗುತ್ತೆ."

"ಇಲ್ಲಿ ಕೊಡೋ ಅಂಗಿಗೆ ಗುಂಡಿಯೇ ಇಲ್ಲ, ಚಿಂತೆ ಬಿಡು."

ಅವಳು ಮತ್ತೆ ಗುಮಾಸ್ತನನ್ನು ಕೇಳಲಿಲ್ಲ. ಗಂಡನತ್ತ ತಿರುಗಿದಳು.

"ಕಿಟಕಿಯ ಹತ್ತಿರ ನಿಂತರೆ ನೀವು ಕಾಣಿಸ್ತೀರಾ?"

ಮುದುಕ ತಲೆ ಎತ್ತಲಿಲ್ಲ.

"ಇಲ್ಲ," ಎಂದ. "ಆ ಗೋಡೆಗೆ ನಾನು ಕಿಟಕಿ ಇಡಲಿಲ್ಲ."