ಇಪ್ಪತ್ತರ ಆಚೆ

"ಹತ್ತೊಂಬತ್ತು, ಇಪ್ಪತ್ತು..." ಎಂದ ಸೋನುಬಾಯಿ ಅಲ್ಲಿಗೇ ಎಣಿಕೆ ನಿಲ್ಲಿಸಿದಳು. ಅಂಗಳದಲ್ಲಿ ಎಡಗಾಲೊಂದರ ಮೇಲೆ ನಿಂತಿದ್ದ ಮೊಮ್ಮಗಳು ಪೂನಂ ಮಾತ್ರ ಇನ್ನೂ ಅಲುಗಾಡಿರಲಿಲ್ಲ. ಮಂಠಾಳದಲ್ಲಿ ಕಬಡ್ಡಿ ಆಡುವಾಗ ಆ ಪಾದದ ಗಂಟಿನ ಲಿಗಮೆಂಟ್ ಹರಿದು ಐದು ತಿಂಗಳಾಗಿತ್ತು. ಒಂಟಿಗಾಲಲ್ಲಿ ಮೂವತ್ತು ಎಣಿಸುವ ತನಕ ನಿಂತರೆ ಮೆಲ್ಲಗೆ ಓಡಬಹುದು ಎಂದು ಹುಮನಾಬಾದಿನ ಡಾಕ್ಟರು ಹೇಳಿದ್ದರು. ಆದರೆ ದಿನಾ ಹನ್ನೆರಡಕ್ಕೋ ಹದಿಮೂರಕ್ಕೋ ಕಾಲು ನಡುಗಿ, ಅವಳು ಅಜ್ಜಿಯ ಹೆಗಲಿಗೆ ಜೋತುಬೀಳುತ್ತಿದ್ದಳು.

"ಆಯಿ, ಯಾಕ ನಿಂತಿ? ಎಣಸು!"

"ಏನಂತ ಎಣಸ್ಲಿ? ಹೊಲದಾಗ ಜ್ವಾಳದ ಸೂಡು ಕಟ್ಟಿ ಇಪ್ಪತ್ತಿಪ್ಪತ್ತು ಮಾಡಿ ಇಡಾಕಿ ನಾ. ಮುಂದಿಂದು ನನಗ ಬರಂಗಿಲ್ಲ. ನೀ ಇಲ್ಲೀತನಕ ಬರ್ತಿ ಅಂತ ಯಾರಿಗಿ ಗೊತ್ತಿತ್ತು!"

ಪೂನಂಗೆ ನಗು ಉಕ್ಕಿಬಂತು. ನಕ್ಕರೆ ಬೀಳುತ್ತೇನೆಂದು ತುಟಿ ಕಚ್ಚಿಕೊಂಡು, ತಾನೇ "ಇಪ್ಪತ್ತೊಂದು" ಎಂದಳು. ಶಾಲೆಗೆ ಹೊಸದಾಗಿ ಸೇರಿದ ಹುಡುಗಿಯಂತೆ ಅಜ್ಜಿಯೂ "ಇಪ್ಪತ್ತೊಂದು" ಎಂದಳು. ಇಪ್ಪತ್ತೈದಕ್ಕೆ ಪಾದ ನಡುಗಿತು. ಅಜ್ಜಿ ಕೈ ಚಾಚಿದಳು, ಪೂನಂ ಹಿಡಿಯಲಿಲ್ಲ. ಕೊನೆಗೆ "ಮೂವತ್ತು!" ಎಂದು ಇಬ್ಬರೂ ಕೂಡಿ ಕೂಗಿದ್ದು ಓಣಿಗೆಲ್ಲ ಕೇಳಿತು.

"ಶಾಬಾಸ್! ಉಳಿದ ಎಣಿಕಿ ನಾಳಿ ನನಗ ಕಲಿಸು," ಎಂದು ಅಜ್ಜಿ ಬೆನ್ನು ತಟ್ಟಿದಳು. "ಈಗ ಆ ಬೇವಿನ ಗಿಡದ ತನಕ ಮೆಲ್ಲಕ ಓಡಿ ತೋರಸು."

ಪೂನಂ ಎಡಗಾಲನ್ನೇ ಮೊದಲು ಮುಂದಿಟ್ಟು ಓಡಿದಳು.