ಹತ್ತು ಬೀಳಬೇಕು

ಸಾರ್ಜೆಂಟ್ ಪ್ರೂಯಿಟ್ ಎಷ್ಟು ಸಲ ಹಿಡಿಕೆ ತಿರುಗಿಸಿದರೂ ಫೋನು ಬಾಯಿ ಬಿಡಲಿಲ್ಲ. ದಿಬ್ಬದಾಚೆಯ ಕಾವಲು ಗುಂಡಿಗೆ ಹೋಗುವ ತಂತಿ ಎಲ್ಲೋ ತುಂಡಾಗಿತ್ತು. ಬೆಳಗಿನಿಂದ ಜಪಾನಿಯರ ಫಿರಂಗಿ ಶೆಲ್ಲುಗಳು ನಡುವಿನ ತೆಂಗಿನ ತೋಪನ್ನು ಉತ್ತು ಹಾಕುತ್ತಿದ್ದವು. ಯಾರಾದರೊಬ್ಬರು ಆ ತೋಪಿನಲ್ಲಿ ತೆವಳಿಕೊಂಡು ಹೋಗಿ, ತುಂಡಾದ ಜಾಗ ಹುಡುಕಿ, ತಂತಿ ಕೂಡಿಸಿ ಬರಬೇಕು. ತಂತಿ ಕೆಲಸ ಬಲ್ಲವರು ಉಳಿದಿದ್ದದ್ದು ಇಬ್ಬರೇ. ಒಬ್ಬ ಮಿಸೂರಿಯ ಲಾನಿ, ಹಳಬ. ಇನ್ನೊಬ್ಬ ಎವೆರೆಟ್, ಮೊನ್ನೆ ಮೊನ್ನೆ ಹಡಗಿನಿಂದ ಈ ದ್ವೀಪಕ್ಕೆ ಇಳಿದವನು.

ಪ್ರೂಯಿಟ್ ಇಬ್ಬರಲ್ಲಿ ಯಾರ ಹೆಸರನ್ನೂ ಹೇಳಲಿಲ್ಲ. ಹಿಂದೊಮ್ಮೆ ಅವನು ಹೆಸರು ಹಿಡಿದು ಕಳಿಸಿದ್ದ ಹುಡುಗ ವಾಪಸು ಬಂದಿರಲಿಲ್ಲ. ಅಂದಿನಿಂದ ಆ ಪಾಪದ ಕೆಲಸವನ್ನು ಅವನು ದಾಳಗಳಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದ. ತಾವು ಅವಿತಿದ್ದ ಗುಂಡಿಯೊಳಗೆ ಕಂಬಳಿ ಹಾಸಿ, ತಂತಿ ಕತ್ತರಿಸುವ ಇಕ್ಕಳವನ್ನು ಪಣವಾಗಿ ಅದರ ಕರಿ ಪಟ್ಟಿಯ ಮೇಲಿಟ್ಟು, ಎರಡು ದಾಳಗಳನ್ನು ಎವೆರೆಟ್‌ನ ಅಂಗೈಗೆ ಹಾಕಿದ.

"ನಂಗಿದು ಬರಲ್ಲ ಸಾರ್ಜೆಂಟ್. ನಮ್ಮಪ್ಪ ಪಾದ್ರಿ. ಮನೇಲಿ ಇಸ್ಪೀಟೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

"ಹಂಗಾದ್ರೆ ದೇವರು ನಿನ್ ಕಡೇನೇ ಇದಾನೆ ಬಿಡು," ಎಂದು ಲಾನಿ ನಕ್ಕ. "ಕೇಳಿಸ್ಕೋ. ಎಸೆಯೋನು ನೀನು, ಪಟ್ಟಿ ಮೇಲಿನ ಪಣ ನಿಂದು. ಮೊದಲ್ನೇ ಗರಕ್ಕೇ ಏಳೋ ಹನ್ನೊಂದೋ ಬಿದ್ರೆ ನೀನು ಗೆದ್ದೆ, ಇಕ್ಕಳ ತಗೊಂಡು ನಾನು ಹೊರಟೆ. ಎರಡು, ಮೂರು, ಹನ್ನೆರಡು ಬಿದ್ರೆ ಸೋತೆ, ನೀನು ಹೊರಡ್ಬೇಕು."

"ಬೇರೇದು ಬಿದ್ರೆ?"

"ಅದು ನಿನ್ನ ಅಂಕಿ. ಆ ಅಂಕಿ ಇನ್ನೊಂದ್ಸಲ ಬಿದ್ರೆ ನೀನು ಗೆದ್ದೆ. ಅದಕ್ಕೆ ಮುಂಚೆ ಏಳು ಬಿತ್ತೋ, ಮುಗೀತು ನಿನ್ ಕಥೆ."

"ಮೊದಲು ಏಳು ಒಳ್ಳೇದು, ಆಮೇಲೆ ಅದೇ ಕೆಟ್ಟದ್ದಾ?"

"ಹೆಂಡ್ತಿ ತವರಿನೋರ ಥರ ಕಣೋ. ಮದುವೆ ದಿನ ಮಾತ್ರ ಒಳ್ಳೆಯೋರು. ಎಸಿ ಈಗ."

ಎವೆರೆಟ್ ಎಸೆದ. ನಾಲ್ಕು, ಆರು. ಹತ್ತು. ಬಿಗಿ ಹಿಡಿದಿದ್ದ ಲಾನಿಯ ಭುಜಗಳು ಸಡಿಲವಾದದ್ದನ್ನು ಎವೆರೆಟ್ ನೋಡಿಬಿಟ್ಟ.

"ಯಾಕೆ? ಹತ್ತು ಕೆಟ್ಟದ್ದಾ?"

"ಹತ್ತು ಬೀಳೋಕೆ ಮೂರೇ ದಾರಿ," ಎಂದ ಲಾನಿ, ಅವನ ಮುಖ ನೋಡದೆ. "ಏಳು ಬೀಳೋಕೆ ಆರು."

"ಹಂಗಾದ್ರೆ ಇದು ಬೇಡ, ಮೊದಲಿಂದ ಆಡೋಣ," ಎನ್ನುತ್ತ ಎವೆರೆಟ್ ಇಕ್ಕಳಕ್ಕೆ ಕೈ ಹಾಕಿದ. ಪ್ರೂಯಿಟ್ ಆ ಕೈಯನ್ನು ಮೆಲ್ಲಗೆ ಹಿಡಿದು ಪಕ್ಕಕ್ಕಿಟ್ಟ.

"ಅಂಕಿ ಬಿದ್ದಮೇಲೆ ಪಟ್ಟಿ ಮೇಲಿಟ್ಟಿದ್ದನ್ನ ವಾಪಸ್ ತಗೊಳ್ಳೋ ಹಾಗಿಲ್ಲ ಮಗಾ. ಎಸಿ."

ಐದು ಬಿತ್ತು. ಆಮೇಲೆ ಎಂಟು. ಮುಂದಿನ ಗರದಲ್ಲಿ ಒಂದು ದಾಳ ಮೂರು ತೋರಿಸಿ ನಿಂತಿತು. ಇನ್ನೊಂದು ಕಂಬಳಿಯ ಮಡಿಕೆಗೆ ತಗುಲಿ, ನಾಲ್ಕನ್ನು ತೋರಿಸಿದಂತೆ ಮಾಡಿ, ಕೊನೇ ಗಳಿಗೆಯಲ್ಲಿ ಮಗ್ಗುಲಾಗಿ ಎರಡಕ್ಕೆ ಬಿತ್ತು. ಎವೆರೆಟ್‌ಗೆ ಅಪ್ಪ ಕಲಿಸಿದ ಪ್ರಾರ್ಥನೆಯೊಂದೂ ನೆನಪಿಗೆ ಬರಲಿಲ್ಲ. ಹತ್ತು, ಹತ್ತು, ದೇವರೇ, ಹತ್ತು ಎಂದಷ್ಟೇ ಒಳಗೊಳಗೇ ಬಡಬಡಿಸಿದ. ಹಾಗೆಂದರೆ ಲಾನಿ ಸಾಯಲಿ ಎಂದು ಬೇಡಿದಂತೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಡಿದ.

ಐದು, ಐದು.

"ಹೇಳ್ಲಿಲ್ವಾ ನಾನು, ಪಾದ್ರಿ ಮಗ!" ಎಂದ ಲಾನಿ. ನಗಲು ನೋಡಿದ, ತುಟಿ ಒಣಗಿಹೋಗಿತ್ತು. ಇಕ್ಕಳ ಎತ್ತಿಕೊಂಡು, ತಂತಿಯ ಸುರುಳಿ ಹೆಗಲಿಗೆ ಹಾಕಿ, ಗುಂಡಿಯ ಅಂಚು ಹತ್ತಿ ಮರೆಯಾದ.

ಒಂದೊಂದು ಶೆಲ್ಲು ಬಿದ್ದಾಗಲೂ ಎವೆರೆಟ್ ಕಣ್ಣು ಮುಚ್ಚಿದ. ಬದುಕಿದೆ ಎನ್ನುವ ಸಂತೋಷ ಅವನ ಎದೆಯಲ್ಲಿ ನಾಚಿಕೆಯಿಲ್ಲದೆ ಕುಣಿಯುತ್ತಿತ್ತು, ಅದಕ್ಕಾಗಿ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಫೋನು ಒಮ್ಮೆಗೇ ಗಂಟೆ ಬಾರಿಸಿತು. ಕಾವಲು ಗುಂಡಿಯವರು ಮಾತಾಡುತ್ತಿದ್ದರು, ತಂತಿ ಕೂಡಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಲಾನಿ ಮೂಟೆಯಂತೆ ಉರುಳಿಕೊಂಡು ಒಳಗೆ ಬಿದ್ದ. ಮೈಯೆಲ್ಲ ಮಣ್ಣು, ಒಂದು ಗಾಯವೂ ಇಲ್ಲ.

ಎವೆರೆಟ್ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ. "ಬಿಡೋ ಮಾರಾಯ, ಶೆಲ್ಲಿಗೆ ಸಾಯದೋನು ನಿನ್ನ ಕೈಲಿ ಸಾಯ್ತೀನಿ," ಎಂದು ಲಾನಿ ಬಿಡಿಸಿಕೊಂಡ. ತಣ್ಣಗಾಗಿದ್ದ ಕಾಫಿಯನ್ನು ಒಂದೇ ಡಬ್ಬಿಯಿಂದ ಇಬ್ಬರೂ ಕುಡಿದರು. ಎಲ್ಲ ಮುಗಿಯಿತು ಅನ್ನಿಸಿತು ಎವೆರೆಟ್‌ಗೆ.

ಆಗ ತೋಪಿನೊಳಗೆ ಸಾಲಾಗಿ ಶೆಲ್ಲುಗಳು ಸಿಡಿದವು. ಗುಂಡಿಯೊಳಗೆ ಮಣ್ಣು ಸುರಿಯಿತು. ಪ್ರೂಯಿಟ್ ಹಿಡಿಕೆ ತಿರುಗಿಸಿದ, ಮತ್ತೆ ತಿರುಗಿಸಿದ. ಆಮೇಲೆ ಫೋನನ್ನು ಪಕ್ಕಕ್ಕಿಟ್ಟು ಕಂಬಳಿಯ ಮೇಲಿನ ಮಣ್ಣು ಕೊಡವಿದ.

ಎವೆರೆಟ್ ದಾಳಗಳನ್ನು ಅವಸರವಾಗಿ ಬಾಚಿ ಲಾನಿಯ ಮುಂದೆ ಹಿಡಿದ. "ತಗೋ. ನಾನು ಆಡಿದ್ದಾಯ್ತಲ್ಲ, ಈಗ ನಿನ್ ಸರದಿ."

ಲಾನಿ ಕೈ ಚಾಚಲಿಲ್ಲ. "ಅದೊಂದು ಹೇಳೋಕೆ ಮರೆತಿದ್ದೆ ಕಣೋ. ಗೆದ್ದೋನ ಕೈಯಿಂದ ದಾಳ ಕಿತ್ಕೊಳ್ಳೋ ಹಾಗಿಲ್ಲ. ಏಳು ಬಿದ್ದು ಸೋಲೋವರೆಗೂ ನೀನೇ ಎಸೀಬೇಕು."

"ಹಂಗಾದ್ರೆ ನಾನು ಗೆದ್ದಿದ್ದೇನು?"

"ಇದೇ," ಎಂದ ಲಾನಿ, ದಾಳಗಳನ್ನು ತೋರಿಸಿ.

ಎವೆರೆಟ್ ಕಂಬಳಿಯ ಮೇಲೆ ಕೈ ಚಾಚಿದ. ಬೆರಳು ಬಿಚ್ಚಲಾಗಲಿಲ್ಲ.